ಮಡಿ ಕೋಡ್‌ಗೆ ಚಿಟಿಕೆ ಉಪ್ಪು

ಫ್ರೆಂಡ್ಸ್, ಇವತ್ತು ಮುಂಬೈ ವಿಕ್ರೋಳಿಯ ಆಫೀಸಿನಲ್ಲಿ ನನ್ನ ಮಡಿ ಕೆಟ್ಟಿತು. ನಾನು ಬರೆಯುವುದು ಫಂಕ್ಷನಲ್ ಕೋಡ್: ಇದ್ದ ಡೇಟಾ ಮುಟ್ಟುವುದಿಲ್ಲ, ಪ್ರತಿ ಬದಲಾವಣೆಗೂ ಹೊಸ ಕಾಪಿ. ಆದರೆ ನಾನು ಬಳಸುವ ರೆಡಿಮೇಡ್ ಕೋಡ್ ಲೈಬ್ರರಿ ಆಬ್ಜೆಕ್ಟ್ ಓರಿಯೆಂಟೆಡ್, ಡೇಟಾವನ್ನು ಇದ್ದಲ್ಲೇ ತಿದ್ದುವ ಜಾತಿ; ಅದರ ಒಂದೊಂದು ಆಬ್ಜೆಕ್ಟೂ, ಅಂದರೆ ಡೇಟಾದ ಗಂಟು, ಆನೆಯಷ್ಟು. ಕಾಪಿ ಮಾಡಿ ಮಾಡಿ ನನ್ನ ಪ್ರೋಗ್ರಾಮ್ ಭಾಂಡುಪ್ ಬಳಿ ನಿಂತೇಬಿಟ್ಟ ಸ್ಲೋ ಲೋಕಲ್ ಟ್ರೇನ್‌ನಂತಾಯಿತು. ಸಂಜೆ ಡೆಮೊ ಬೇರೆ.

ಮಾಟುಂಗದ ಹೋಟೆಲ್ ಮನೆತನದ ನಮ್ಮ ಸೀನಿಯರ್ ಶೆಟ್ರು ಇಣುಕಿದರು. "ಎಂತ ಮಾರಾಯ್ತಿ, ಉಪ್ಪು ಕಮ್ಮಿ ಆದ್ರೆ ಹೊಸ ಸಾಂಬಾರ್ ಮಾಡ್ತಾರಾ? ಕಿಚನ್ನಲ್ಲಿರುವಾಗ ಅದಕ್ಕೇ ಹಾಕು. ಟೇಬಲಿಗೆ ಹೋದ ಮೇಲೆ ಮುಟ್ಬೇಡ, ಅಷ್ಟೇ."

ಫಂಕ್ಷನ್ ಎಂಬ ನನ್ನ ಕಿಚನ್ನಿನ ಒಳಗೆ ಒಂದೇ ಕಾಪಿ ಮಾಡಿ ಅದನ್ನೇ ತಿದ್ದಿದೆ, ಹೊರಗೆ ಕೊಟ್ಟ ಮೇಲೆ ಮುಟ್ಟಲಿಲ್ಲ. ಪ್ರೋಗ್ರಾಮ್ ಫಾಸ್ಟ್ ಲೋಕಲ್ ಆಯಿತು.

ಮಧ್ಯಾಹ್ನ ಶೆಟ್ರ ಡಬ್ಬಿಯ ಸಾಂಬಾರೇ ಸಪ್ಪೆ. ಉಪ್ಪಿಗೆ ಕೈ ಚಾಚಿದರು. "ಟೇಬಲಿಗೆ ಬಂದಾಯ್ತಲ್ಲ ಶೆಟ್ರೇ, ಮುಟ್ಬಾರ್ದು" ಅಂದೆ.

ಈಗ ಮಡಿ ಅವರದ್ದು: ನನ್ನ ಮೇಜಿನ ಹತ್ತಿರವೂ ಸುಳಿಯುತ್ತಿಲ್ಲ.