ಬಿದರಿ ತುಣುಕಿನ ಹೊಳಪು

ಭಾಲ್ಕಿಯಲ್ಲಿ ನಮ್ಮ ನೆರೆಮನೆಯ ರಸಾಯನಶಾಸ್ತ್ರದ ಸರ್ ತಲೆಗೆ ಎಣ್ಣೆ, ಬೂಟಿಗೆ ಪಾಲಿಶ್ ತಿಕ್ಕಿ ಹೊಳಪು ಬರಿಸದೆ ಹೊರಬೀಳುತ್ತಿರಲಿಲ್ಲ. "ಮ್ಯಾಲಿನ ಪದರಾನೇ ಎಲ್ಲಾ ಹೇಳ್ತದ್ರಿ" ಎನ್ನುತ್ತಿದ್ದರು. ಬಿದರಿ ಲೋಹದ ಕಪ್ಪು ಹೊರಪದರದ ಮೇಲೆಯೇ ಅವರ ಪಿಎಚ್‌ಡಿ ನಿಂತಿತ್ತು. ಕ್ಷ-ಕಿರಣ ಹಾಯಿಸಿ, ಚಿಮ್ಮಿ ಬರುವ ಎಲೆಕ್ಟ್ರಾನುಗಳಿಂದ ತೀರ ಮೇಲಿನ ಪದರವನ್ನಷ್ಟೇ ಓದುವ ಯಂತ್ರಕ್ಕೆ ಒಂದು ತುಣುಕು ಕಳಿಸಿದರು. ಮಂಕಾಗಿದೆಯೆಂದು, ಬಿದರಿ ಸಾಮಾನಿಗೆ ತಿಕ್ಕುವ ಹಾಗೆ, ಎಣ್ಣೆ ತಿಕ್ಕಿಯೇ ಕಳಿಸಿದ್ದರು. ವರದಿಯ ತುಂಬ ಆ ಎಣ್ಣೆಯ ಇಂಗಾಲವೇ ಇತ್ತು.

"ಮಷೀನ್ ಖರಾಬ್ ಅದರಿ" ಎಂದರು.

"ಮಷೀನ್ ಛಲೋ ಅದ. ನಮ್ಮನಿ ಕೊಬ್ಬರಿ ಎಣ್ಣಿ ಬರೋಬ್ಬರಿ ಗುರುತು ಹಿಡದದ!" ಒಳಗಿನಿಂದ ಅವರ ಹೆಂಡತಿ ನಕ್ಕರು.

"ಇನ್ನ ಒಂದೇ ತುಣುಕು ಉಳದದರಿ. ಇದೂ ಕೆಟ್ರ ಪಿಎಚ್‌ಡಿ ಖತಂ" ಎನ್ನುತ್ತ ಸರ್ ಜೇಬಿನಿಂದ ಅದನ್ನು ತೆಗೆದರು. ನನಗೆ ತೋರಿಸುವ ಮುನ್ನ, ಆಗಷ್ಟೇ ತಲೆ ನೇವರಿಸಿದ್ದ ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿದರು.