ಜೋಕೆ ಮೇಸ್ತ್ರಿಯ ಎಡ ಹೆಗಲು

ವರ್ಕ್‌ಶಾಪಿನಲ್ಲಿ ಅವರನ್ನು ಜೋಕೆ ಮೇಸ್ತ್ರಿ ಎಂದು ಕರೆಯುತ್ತಿದ್ದರು, ಅದೂ ಬೆನ್ನ ಹಿಂದೆ. ಬಾಯಿ ತೆಗೆದರೆ ಜೋಕೆ. ಕನ್ನಡಕವಿಲ್ಲದೆ ಗ್ರೈಂಡರ್ ಹಿಡಿದವನಿಗೆ ಜೋಕೆ, ಒದ್ದೆ ಗ್ಲೌಸ್ ಹಾಕಿದವನಿಗೆ ಜೋಕೆ, ಪರದೆ ಎಳೆಯದೆ ವೆಲ್ಡಿಂಗ್ ಶುರು ಮಾಡಿದವನಿಗೆ ಬರೀ ಜೋಕೆಯಲ್ಲ, ಎಲ್ಲರೆದುರು ಮಂಗಳಾರತಿ. ನಲವತ್ತು ವರ್ಷ ಕಬ್ಬಿಣ ಬೆಸೆದು, ಕತ್ತರಿಸಿ ಬಂದವರ ಮೈಮೇಲೆ ಹೇಳಿಕೊಳ್ಳುವಂಥ ಒಂದೂ ಸುಟ್ಟ ಕಲೆ ಇರಲಿಲ್ಲ. ಅವರ ಹೆಂಡತಿಗೆ ಅದು ಒಳಗೊಳಗೇ ಹೆಮ್ಮೆ. ಇಂಥ ಮನುಷ್ಯ ತನ್ನ ವಿಷಯ ಬಂದಾಗ ಇಷ್ಟು ದಡ್ಡನಾಗುತ್ತಾನೆ ಅಂತ ಆ ಪುಣ್ಯಾತ್ಗಿತ್ತಿಗೆ ಹೇಗೆ ಗೊತ್ತಾಗಬೇಕು?

ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದ ಮೇಸ್ತ್ರಿ ಬುಡ ಕಡಿದ ಮರದಂತೆ ಬಿದ್ದರು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಎದೆಬಡಿತ ನಡುನಡುವೆ ನಿಂತು ನಿಂತು ಹೋಗುತ್ತಿದೆ ಎಂದರು. ಎಡ ಹೆಗಲ ಕೆಳಗೆ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಪೇಸ್‌ಮೇಕರ್ ಕೂರಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದರು: "ವೆಲ್ಡಿಂಗ್ ಮಿಷನ್ ಹತ್ತಿರ ಹೋಗ್ಬೇಡಿ. ಕಬ್ಬಿಣ ಕತ್ತರಿಸೋ ಆ ಪ್ಲಾಸ್ಮಾ ಕಟ್ಟರ್ ಅಂತೂ ಮುಟ್ಟಲೇಬೇಡಿ. ನಿಮ್ಮ ಕೆಲಸ ಅದೇ ಅಂತ ಗೊತ್ತು. ಆದ್ರೂ ಬೇಡ."

ಮೇಸ್ತ್ರಿ ಒಳ್ಳೆಯ ಶಿಷ್ಯನ ಹಾಗೆ ತಲೆಯಾಡಿಸಿದರು. ವರ್ಕ್‌ಶಾಪಿನಲ್ಲಿ ಗ್ಯಾಸ್ಟ್ರಿಕ್ ಆಗಿತ್ತು ಎಂದರು. ಮನೆಯಲ್ಲಿ ಹೆಂಡತಿಗೆ, ಅಲ್ಲಿ ಕುರ್ಚಿ ಹಾಕಿಕೊಂಡು ದೂರದಲ್ಲಿ ಕೂತು ಕೆಲಸ ಹೇಳಿಕೊಡುತ್ತೇನೆ ಅಷ್ಟೇ ಎಂದರು. ಎರಡು ಕಡೆಗೆ ಎರಡು ಸುಳ್ಳು.

ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ದಿನ ಗಂಡ ಹಳೇ ಲಾರಿ ಟ್ಯೂಬಿನ ತುಂಡೊಂದನ್ನು ತಂದು ಅವಳ ಮುಂದಿಟ್ಟರು.

"ಇದನ್ನ ನನ್ನ ಕೆಲಸದ ಅಂಗಿ ಒಳಗೆ, ಎಡಗಡೆ, ಎರಡು ಮಡಿಕೆ ಮಾಡಿ ಹೊಲಿ."

"ಕುರ್ಚಿ ಮೇಲೆ ಕೂರೋರಿಗೆ ಯಾಕ್ರೀ ರಬ್ಬರು?"

"ಕಿಡಿಗೆ ಕುರ್ಚಿ ಯಾವುದು, ನೆಲ ಯಾವುದು ಗೊತ್ತಾಗುತ್ತಾ ಮಾರಾಯ್ತಿ? ಒಂದು ಜೋಕೆ ಇರಲಿ."

ಅವಳು ಹೊಲಿದಳು. ದಪ್ಪ ಸೂಜಿ ಹಾಕಿ, ಎರಡೆರಡು ಸಲ ಹೊಲಿಗೆ ಓಡಿಸಿ, ಗಂಡನ ಎದೆಗೆ ತಾನೇ ಕಾವಲು ಕೂತಷ್ಟು ನೆಮ್ಮದಿಯಿಂದ ಹೊಲಿದಳು.

ಆದರೆ ಬಟ್ಟೆ ಸುಳ್ಳು ಹೇಳುವುದಿಲ್ಲವಲ್ಲ. ಹತ್ತು ದಿನದಲ್ಲಿ ಅಂಗಿಯ ಬಲತೋಳಿನ ತುಂಬ ಸಾಸಿವೆಯಷ್ಟು ತೂತುಗಳು ಬಿದ್ದವು. ಕಟ್ಟರಿನ ಟಾರ್ಚ್ ಹಿಡಿದ ಕೈಗೆ ಮಾತ್ರ ಕಿಡಿ ಹಾಗೆ ಬೀಳುತ್ತದೆ. ಎಡ ಹೆಗಲ ಬಟ್ಟೆ ಸವೆದು ಹೊಳೆಯುತ್ತಿತ್ತು. ಕೇಬಲ್ ನೆಲದಲ್ಲಿ ಎಳೆದಾಡಿ ಯಾರಾದರೂ ಎಡವಬಾರದು ಎಂದು ಅದನ್ನು ಎಡ ಹೆಗಲ ಮೇಲೆ ಹಾಕಿಕೊಂಡು ಕತ್ತರಿಸುವುದು ಅವರ ನಲವತ್ತು ವರ್ಷದ ಅಭ್ಯಾಸ. ಅವಳು ಆ ತೂತುಗಳನ್ನು ಎಣಿಸಿದಳು, ಅಂಗಿಯನ್ನು ಮಡಿಸಿದಳು, ಕಪಾಟಿನಲ್ಲಿಟ್ಟಳು. ಬಾಯಿ ಬಿಡಲಿಲ್ಲ. ಯಾಕೆಂದರೆ ಆಸ್ಪತ್ರೆಯಿಂದ ಬಂದು ಮನೆಯಲ್ಲೇ ಕೂತ ಮೊದಲ ಎರಡು ವಾರ ಗಂಡನ ಮುಖ ನೋಡಲಾಗುತ್ತಿರಲಿಲ್ಲ. ಈಗ ಊಟದ ಹೊತ್ತಿಗೆ ನಗುತ್ತಿದ್ದರು, ಅವಳ ಮಿಷನ್ನಿನ ಕರಕರ ಸದ್ದಿಗೆ ತಮಾಷೆ ಮಾಡುತ್ತಿದ್ದರು. ಆ ನಗುವಿನ ಆಸೆಗೆ ಸುಮ್ಮನಿದ್ದಳು. ಅದು ತಪ್ಪು ಎಂದು ಅವಳಿಗೆ ಆಗಲೂ ಗೊತ್ತಿತ್ತು.

ಎರಡು ತಿಂಗಳಿಗೆ ತಪಾಸಣೆ. ಆಸ್ಪತ್ರೆಯ ಟೆಕ್ನಿಷಿಯನ್ ಮೇಸ್ತ್ರಿಯ ಎದೆಯ ಮೇಲೆ ಒಂದು ಉಪಕರಣವಿಟ್ಟು ಕಂಪ್ಯೂಟರ್ ಪರದೆ ನೋಡಿದ. ಹುಬ್ಬು ಗಂಟಿಕ್ಕಿದ.

"ಹಗಲು ಹೊತ್ತಲ್ಲಿ ಹೊರಗಿನ ಯಾವುದೋ ಮಿಷನ್‌ನಿಂದ ತೊಂದರೆ ಆಗಿದೆ. ಹನ್ನೊಂದು ಗಂಟೆಗೆ, ಮೂರು ಗಂಟೆಗೆ, ಮತ್ತೆ ನಾಲ್ಕಕ್ಕೆ. ಎಲ್ಲಿಗೆ ಹೋಗ್ತೀರಿ ಸರ್?"

"ಮನೇಲಿ ಮಿಕ್ಸಿ ಇದೆ," ಎಂದರು ಮೇಸ್ತ್ರಿ. ಮಿಕ್ಸಿಯಂತೆ ಮಿಕ್ಸಿ!

ಹೆಂಡತಿಗೆ ತಡೆಯಲಾಗಲಿಲ್ಲ. "ವೆಲ್ಡಿಂಗ್ ಕೆಲಸದ ಅಂಗಿ ಎದೆಗೆ ರಬ್ಬರ್ ಹೊಲಿದಿದ್ದೀನಪ್ಪಾ. ಎರಡು ಮಡಿಕೆ. ರಬ್ಬರ್ ದಾಟಿ ಕರೆಂಟ್ ಬರಲ್ಲ ಅಲ್ವಾ?"

ಟೆಕ್ನಿಷಿಯನ್ ಕುರ್ಚಿ ತಿರುಗಿಸಿ ಅವಳ ಕಡೆ ನೋಡಿದ. "ಇದು ಮುಟ್ಟಿದ್ರೆ ಹೊಡೆಯೋ ಕರೆಂಟ್ ಅಲ್ಲಮ್ಮ. ಕೇಬಲ್ ಸುತ್ತ ಅಯಸ್ಕಾಂತದ ಥರ ಒಂದು ಶಕ್ತಿ ಇರುತ್ತೆ. ಅದಕ್ಕೆ ರಬ್ಬರೂ ಒಂದೇ, ಗಾಳಿನೂ ಒಂದೇ. ಅದು ತಾಗಿದಾಗ ಈ ಪೇಸ್‌ಮೇಕರ್‌ಗೆ, ಎದೆ ತಾನಾಗೇ ಬಡೀತಿದೆ ಅನ್ನೋ ಭ್ರಮೆ ಬರಬಹುದು. ಆಗ ಇದು ಸುಮ್ಮನಾಗುತ್ತೆ. ಎದೆನೂ ಸುಮ್ಮನಿರುತ್ತೆ."

ತಾನು ಹೊಲಿದದ್ದು ಕಾವಲಲ್ಲ, ಗಂಡನ ಮೊಂಡು ಧೈರ್ಯಕ್ಕೊಂದು ಅಸ್ತರು ಎಂದು ಅವಳಿಗೆ ಅರ್ಥವಾಯಿತು. ಬಸ್ಸಿನಲ್ಲಿ ಗಂಡ ಅವಳ ತಲೆಯ ಮೇಲೆ ಕೈಯಿಟ್ಟು, "ನಿನ್ನಾಣೆ, ಇನ್ನು ಮುಟ್ಟಲ್ಲ," ಎಂದರು.

ಮೂರನೇ ದಿನ ಹೊಲಿಯುತ್ತಿದ್ದ ಬಟ್ಟೆಯನ್ನು ಸೂಜಿಯಡಿಯಲ್ಲೇ ಬಿಟ್ಟು ಅವಳು ವರ್ಕ್‌ಶಾಪಿಗೆ ನಡೆದಳು. ಹನ್ನೊಂದು ಗಂಟೆ. ಒಳಗೆ ನೀಲಿ ಬೆಳಕು ಗೋಡೆಗೆ ಬಡಿಯುತ್ತಿತ್ತು. ಪರದೆಯ ಸಂದಿಯಲ್ಲಿ ಕಂಡಿತು, ದಪ್ಪ ತಗಡಿನ ಮೇಲೆ ಬಾಗಿ ನಿಂತಿದ್ದವರು ಮೇಸ್ತ್ರಿಯೇ. ಮುಖಕ್ಕೆ ಶೀಲ್ಡು, ಕೈಗೆ ಗ್ಲೌಸು, ಸುತ್ತ ಪರದೆ, ಪಕ್ಕದಲ್ಲಿ ಮರಳಿನ ಬಕೆಟ್ಟು, ಎಲ್ಲವೂ ಅಚ್ಚುಕಟ್ಟು. ಎಡ ಹೆಗಲ ಮೇಲೆ ಕೇಬಲ್ಲು.

ಅವಳು ಕೂಗಲಿಲ್ಲ. ಟಾರ್ಚ್ ಉರಿಯುವಾಗ ಹಿಂದಿನಿಂದ ಕೂಗಬಾರದು, ಬೆಚ್ಚಿದರೆ ಬೆಂಕಿ ತಿರುಗುವುದು ಹಿಡಿದವನ ಕಾಲಿಗೇ ಎಂದು ಮದುವೆಯಾದ ಹೊಸತರಲ್ಲಿ ಅವರೇ ಕಲಿಸಿದ್ದರು. ಆ ಬೆಳಕನ್ನು ಬರಿಗಣ್ಣಲ್ಲಿ ನೋಡಬಾರದು ಎಂದೂ ಕಲಿಸಿದ್ದರು. ಹಾಗಾಗಿ ಅವಳು ಪರದೆಯ ಕೆಳಗೆ ಕಾಣುತ್ತಿದ್ದ ಗಂಡನ ಬೂಟುಗಳನ್ನು ನೋಡುತ್ತ, ಈಗ ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದು ಜೀವ ಕೈಯಲ್ಲಿ ಹಿಡಿದು ನಿಂತಳು. ಸಿಟ್ಟು, ಅಳು, ಭಯ, ಯಾವುದು ಯಾವುದೆಂದು ತಿಳಿಯಲಿಲ್ಲ.

ಎಡಗಾಲಿನ ಬೂಟು ಮೆಲ್ಲಗೆ ಪಕ್ಕಕ್ಕೆ ಜಾರಿತು. ಮೊಣಕಾಲು ಮಡಚಿತು.

ಮೇನ್ ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇತ್ತು. ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದಳು. ಇಡೀ ವರ್ಕ್‌ಶಾಪು ಒಮ್ಮೆಲೇ ಮೂಕವಾಯಿತು. ಫ್ಯಾನಿನ ರೆಕ್ಕೆ ನಿಧಾನವಾಗುವ ಸದ್ದು ಕೇಳಿಸಿತು. ಮೇಸ್ತ್ರಿ ತಗಡಿನ ಅಂಚಿಗೆ ಒರಗಿ ಕೂತಿದ್ದರು. ಅವಳು ಓಡಿಹೋಗಿ ಹೆಗಲ ಕೇಬಲ್ಲನ್ನು ಕಿತ್ತು ದೂರ ಎಸೆದಳು, ಶೀಲ್ಡು ತೆಗೆದಳು. ಬಿಳಿಚಿದ ಮುಖಕ್ಕೆ ಸ್ವಲ್ಪ ಸ್ವಲ್ಪವಾಗಿ ಬಣ್ಣ ಬಂತು.

"ಯಾರೋ ಅದು ಸ್ವಿಚ್ ಎಳೆದಿದ್ದು?" ಎಂದು ಗದರುತ್ತ ಮಾಲೀಕ ಬಂದ. ಅವನೂ ಒಂದು ಕಾಲಕ್ಕೆ ಮೇಸ್ತ್ರಿಯ ಕೈಕೆಳಗೆ ಕಲಿತವನೇ.

"ನಾನು," ಎಂದಳು ಅವಳು. "ಇವರಿಗಾಗಿದ್ದು ಗ್ಯಾಸ್ಟ್ರಿಕ್ ಅಲ್ಲಪ್ಪಾ. ಎದೆಗೆ ಪೇಸ್‌ಮೇಕರ್ ಹಾಕಿದ್ದಾರೆ. ಈ ಮಿಷನ್ ಹತ್ತಿರ ಬಂದ್ರೆ ಅದು ನಿಲ್ಲುತ್ತೆ. ಡಾಕ್ಟರು ಹೇಳಿದ್ರು. ನಿಮಗ್ಯಾರಿಗೂ ಇವರು ಹೇಳಲಿಲ್ಲ. ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ."

ಮಾಲೀಕ ಬಗ್ಗಿ ಕೂತು, ಮೇಸ್ತ್ರಿಯ ಕೈಯಿಂದ ಗ್ಲೌಸುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. "ಒದ್ದೆ ಗ್ಲೌಸ್ ಹಾಕಿದ್ದಕ್ಕೆ ನನ್ನ ಒಂದು ವಾರ ಹೊರಗೆ ನಿಲ್ಲಿಸಿದ್ರಿ ಮೇಸ್ತ್ರಿ," ಎಂದವನು ಆ ಗ್ಲೌಸುಗಳನ್ನು ಎತ್ತಿಕೊಂಡು ಎದ್ದುಹೋದ.

ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಮನೆಗೆ ಬಂದ ಮೇಲೆ ಮೇಸ್ತ್ರಿ ಹೆಂಡತಿಯೊಡನೆ ಮಾತು ಬಿಟ್ಟರು. ಬಡಿಸಿದರೆ ಉಂಡರು, ಕರೆದರೆ ಓಗೊಡಲಿಲ್ಲ. ಮುಂದಿನ ಕೋಣೆಯಲ್ಲಿ ಅವಳ ಮಿಷನ್ನಿನ ಎದುರಿಗೇ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಎರಡೂ ಕೈ ಮಲಗಿಸಿ, ಬೀದಿ ನೋಡುತ್ತ ಕೂತರು. ಬಟ್ಟೆ ಕೊಡಲು ಬಂದವರು "ಮೇಸ್ತ್ರಿ, ಕೆಲಸಕ್ಕೆ ಹೋಗಿಲ್ವಾ?" ಎಂದರೆ ಗೋಡೆಗೆ ತಿರುಗಿದರು. ಅವಳಿಗೆ ತಾನೇ ಆ ಕೈಗಳನ್ನು ಕತ್ತರಿಸಿ ಅಲ್ಲಿಟ್ಟಂತೆ ಅನ್ನಿಸುತ್ತಿತ್ತು. ಆದರೂ ಇನ್ನೊಮ್ಮೆ ಆ ಸ್ವಿಚ್ಚಿನ ಮುಂದೆ ನಿಂತರೆ ಮತ್ತೆ ಎಳೆಯುತ್ತಿದ್ದಳು.

ಎಂಟನೆಯ ದಿನ ಮಧ್ಯಾಹ್ನ ಅವರು ಬಾಯಿಬಿಟ್ಟರು.

"ಅಷ್ಟು ಜನರ ಮುಂದೆ ನನ್ನ ಮಾನ ತೆಗೆದೆ. ನಿನ್ನ ನಾನು ಕ್ಷಮಿಸಲ್ಲ."

ಅವಳು ಹೊಲಿಗೆ ನಿಲ್ಲಿಸಿದಳು.

"ಕ್ಷಮಿಸಬೇಡಿ," ಎಂದಳು. "ಇಲ್ಲೇ, ನನ್ನ ಕಣ್ಣೆದುರಿಗೆ ಕೂತ್ಕೊಂಡು, ಇನ್ನೂ ಇಪ್ಪತ್ತು ವರ್ಷ ಕ್ಷಮಿಸದೇ ಇರಿ."