ಅಳಿಸಿಹೋದ ಹಾಡುಗಳ ಸ್ಟೆನೋ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಗೆರೆಯ ನೋಟ್‌ಬುಕ್, ಚೂಪು ಮಾಡಿದ ಎರಡು ಪೆನ್ಸಿಲ್. ಸ್ಟೆನೋ ಅಮ್ಮ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಫೋನಿನಲ್ಲಿ ಹಾಡು ಹಾಕುತ್ತಾರೆ. ಡ್ರಮ್ ಗುದ್ದತೊಡಗುತ್ತದೆ, ಅದರ ಮೇಲೆ ಯಾರೋ ಉಸಿರೂ ಬಿಡದೆ ಮಾತು ಸುರಿಯುತ್ತಾರೆ. ಪೆನ್ಸಿಲ್ ಇರುವೆ ಸಾಲಿನಂತೆ ಓಡುತ್ತದೆ. ಹಾಡು ಮುಗಿಯುವಷ್ಟರಲ್ಲಿ ಎರಡು ಪುಟ ಶೀಘ್ರಲಿಪಿ ತುಂಬಿರುತ್ತದೆ.

ಇವು ಟ್ರ್ಯಾಪ್ ಹಾಡುಗಳು, ರ‍್ಯಾಪ್‌ನದೇ ಒಂದು ಬಗೆ. ಮಲಗುವ ಕೋಣೆಯಲ್ಲಿ, ಹೊರಗಿನ ಸದ್ದು ಬಾರದಂತೆ ಕಂಬಳಿ ಹೊದ್ದು ರೆಕಾರ್ಡ್ ಮಾಡಿದಂಥವು. ಸಂಗೀತ ಬಹುಪಾಲು ಎರವಲು. ಅದರ ಒಡೆಯರು ದೂರು ಕೊಟ್ಟರೆ ಸಾಕು, ಹಾಡು ಕೇಳುವ ಆ್ಯಪ್‌ನಿಂದ ಅದು ಮಾಯ.

ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿಕಾರರಾಗಿದ್ದ ಇವರಿಗೆ ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ತಂಗಿಯ ಮಗಳು ತಮಾಷೆಗೆ, "ದೊಡ್ಡಮ್ಮ, ಇದನ್ನ ಬರೀರಿ ನೋಡೋಣ" ಅಂತ ಒಂದು ಹಾಡು ಹಾಕಿದಳು. ಬರೆದರು. ಒಂದು ಪದದ ಬಗ್ಗೆ ಅನುಮಾನ ಉಳಿಯಿತು. ವಾರದ ನಂತರ ಮತ್ತೆ ಕೇಳಹೋದರೆ ಹಾಡೇ ಇಲ್ಲ. "ಸಾಕ್ಷಿ ಹೇಳಿಕೆ ಕೊಟ್ಟು ಊರೇ ಬಿಟ್ಟು ಹೋದಂಗಾಯ್ತು. ಅವತ್ತಿಂದ ಬಿಟ್ಟಿಲ್ಲ ನೋಡಿ" ಎಂದು ನಗುತ್ತಾರೆ.

ನಾಲ್ಕು ವರ್ಷದಲ್ಲಿ ಮೂವತ್ತೆಂಟು ನೋಟ್‌ಬುಕ್, ಸಾವಿರದ ಇನ್ನೂರು ಹಾಡು. ಅದರಲ್ಲಿ ನಾನೂರ ಹದಿನೇಳು ಈಗ ಆ್ಯಪ್‌ನಲ್ಲಿಲ್ಲ. ರಾಗ, ದನಿ ಇವರ ಪುಟಕ್ಕೆ ಸಿಗುವುದಿಲ್ಲ; ಮಾತು ಮಾತ್ರ ಉಳಿಯುತ್ತದೆ. ಕೆಟ್ಟ ಮಾತುಗಳನ್ನೂ ಬಿಡುವುದಿಲ್ಲ. "ಕೋರ್ಟಲ್ಲಿ ಇದಕ್ಕಿಂತ ಸೊಗಸಾದ ಬೈಗುಳ ಬರ್ಕೊಂಡಿದ್ದೀನಿ."

ಚಹಾ ಸೋಸುತ್ತಿರುವ ಯಜಮಾನರು ಅಲ್ಲಿಂದಲೇ ದನಿಗೂಡಿಸುತ್ತಾರೆ: "ಹೆಡ್‌ಫೋನ್ ಕೊಡಿಸಿದ್ದು ನಾನು. ಅದಕ್ಕೂ ಮುಂಚೆ ಮನೇಲಿ ಜಲ್ಲಿ ಮಷಿನ್ ಓಡ್ತಿತ್ತು."

ಕಳೆದ ವರ್ಷ ಪಾರ್ಸೆಲ್ ವ್ಯಾನ್ ಓಡಿಸುವ ಗಾಯಕನೊಬ್ಬ ಇವರ ಬಾಗಿಲು ತಟ್ಟಿದ. ತೀರಿಕೊಂಡ ಅಪ್ಪನ ಮೇಲೆ ಅವನು ಕಟ್ಟಿದ್ದ ಹಾಡನ್ನು ಆ್ಯಪ್ ತೆಗೆದುಹಾಕಿತ್ತು, ಕಂಪ್ಯೂಟರ್ ಸುಟ್ಟುಹೋಗಿತ್ತು. ಮೈಕಿನ ಮುಂದೆ ನಿಂತು ಬಾಯಿಗೆ ಬಂದಂತೆ ಹಾಡಿದ್ದ ಸಾಲುಗಳು ಅವನಿಗೇ ನೆನಪಿರಲಿಲ್ಲ. ಇಂಥ ಹಾಡು ಕೇಳುವವರ ಆನ್‌ಲೈನ್ ಗುಂಪಿನಲ್ಲಿ ವಿಚಾರಿಸಿದಾಗ ತಂಗಿಯ ಮಗಳು ವಿಳಾಸ ಕೊಟ್ಟಿದ್ದಳು.

ಅಮ್ಮ ಹತ್ತೊಂಬತ್ತನೇ ನೋಟ್‌ಬುಕ್ ತೆಗೆದು, ಕೋರ್ಟಿನಲ್ಲಿ ಹೇಳಿಕೆ ಓದುವ ದನಿಯಲ್ಲೇ ಓದಿದರು. ಅವನಿಗೆ ಮೊದಲು ನಗು ಬಂತು. "ಬಾಗಿಲ ಹಿಂದೆ ಇನ್ನೂ ತೂಗ್ತಿದೆ ಅಪ್ಪನ ಹೆಸರು" ಎಂಬಲ್ಲಿಗೆ ಬಂದಾಗ ಅವನು ಕೈ ಎತ್ತಿದ.

"ಹೆಸರಲ್ಲ ಅಮ್ಮ, ಹಸಿರು. ಹಸಿರು ಅಂಗಿ. ಇವತ್ತಿಗೂ ಅಲ್ಲೇ ನೇತಾಡ್ತಿದೆ."

ಅವಸರದ ಶೀಘ್ರಲಿಪಿಯಲ್ಲಿ ಸ್ವರಾಕ್ಷರಗಳ ಗುರುತು ಹಾಕುವುದಿಲ್ಲ, ವ್ಯಂಜನಗಳನ್ನಷ್ಟೇ ಬರೆಯುತ್ತಾರೆ. ಎರಡೂ ಪದಕ್ಕೆ ಒಂದೇ ಗೆರೆ. ಅಮ್ಮ ಕೆಂಪು ಶಾಯಿಯಲ್ಲಿ ತಿದ್ದಿದರು. ಅವನು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದ್ತೀರಾ?" ಎಂದ. ನಾಲ್ಕು ಸಲ ಓದಿದರು.

ಈಗ ಆ ಹಾಡು ಅವನದೇ ಸಂಗೀತದೊಂದಿಗೆ ಮತ್ತೆ ಆ್ಯಪ್‌ನಲ್ಲಿದೆ. ಹನ್ನೊಂದು ತಿಂಗಳಾದರೂ ಯಾರೂ ತೆಗೆದಿಲ್ಲ.

"ಕೋರ್ಟಲ್ಲಿ ನಾನು ಓದಿ ಹೇಳ್ದಾಗೆಲ್ಲ ಸಾಕ್ಷಿಗಳು, 'ನಾನು ಹಂಗೆ ಹೇಳೇ ಇಲ್ಲ' ಅಂತಿದ್ರು" ಎನ್ನುತ್ತಾ ಅಮ್ಮ ಪೆನ್ಸಿಲ್ ಕೆಳಗಿಡುತ್ತಾರೆ. "'ಹೌದಮ್ಮ, ಇದು ನಂದೇ ಮಾತು' ಅಂದೋನು ಅವನೊಬ್ಬನೇ."